ಅಪ್ಪ ಎಂಬ ಹೆಸರು



ನಾನು ಕ್ಯಾಮೆರಾದ ಹಿಂದೆ ನಿಲ್ಲುವವನು. ಇತರರನ್ನು ಮಾತನಾಡಿಸಿ, ಅವರ ಮಾತನ್ನು ನಿಮ್ಮ ಮನೆಗೆ ತಲುಪಿಸುವುದು ನನ್ನ ಕೆಲಸ. ಈ ಸಲ ಮಾತನಾಡುವ ಸರದಿ ನನ್ನದಾಗಿದೆ. ವಿಷಯ, ಪ್ರೀತಿಯ ತಂದೆಯೊಬ್ಬ ಕ್ರೈಸ್ತ ಧರ್ಮದಲ್ಲಿ ದೇವರ ಕಾಳಜಿಯನ್ನು ಹೇಗೆ ತೋರಿಸಬಲ್ಲ ಎಂಬುದು. ನಾನು ಹುಟ್ಟಿನಿಂದ ಕ್ರೈಸ್ತನಲ್ಲ, ಧರ್ಮಶಾಸ್ತ್ರ ಓದಿದವನೂ ಅಲ್ಲ. ಓದಿದ್ದು ವಿಜ್ಞಾನ. ಆದರೂ ಈ ವಿಷಯ ಒಪ್ಪಿಕೊಂಡೆ. ಅದಕ್ಕೆ ಕಾರಣ ನಮ್ಮೂರಿನ ಒಂದು ಕಾಲುಸಂಕ, ಮತ್ತು ಅದರ ಕೆಳಗೆ ನೀರಿನಲ್ಲಿ ನಿಲ್ಲುತ್ತಿದ್ದ ಒಬ್ಬ ಮನುಷ್ಯ.

ನನ್ನ ಊರು ಶೃಂಗೇರಿಯ ಹತ್ತಿರದ ನೆಮ್ಮಾರ್. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಕೆರೆಕಟ್ಟೆಯ ಕಾಡು ದಾಟಿ, ನಮ್ಮೂರ ಪಕ್ಕದಲ್ಲಿ ಹಾದು ಶೃಂಗೇರಿಗೆ ಇಳಿಯುತ್ತಾಳೆ. ಮಳೆಗಾಲ ಹಿಡಿಯಿತೆಂದರೆ ಅಲ್ಲಿ ಆಕಾಶಕ್ಕೂ ನೆಲಕ್ಕೂ ನಡುವೆ ನೀರಿನದೇ ಗೋಡೆ. ಬೇಸಿಗೆಯಲ್ಲಿ ಕಾಲು ನೆನೆಯದಂಥ ಹಳ್ಳಗಳು ಆಷಾಢದಲ್ಲಿ ಎಮ್ಮೆಯನ್ನೂ ಕೊಚ್ಚಿಕೊಂಡು ಹೋಗುವಷ್ಟು ಸೊಕ್ಕುತ್ತವೆ. ನಾವು ಶಾಲೆಗೆ ಹೋಗುವ ದಾರಿಯಲ್ಲಿ ಅಂಥದೊಂದು ಹಳ್ಳ. ಅದರ ಮೇಲೆ ಎರಡು ಅಡಿಕೆ ಮರದ ದಿಂಡು ಜೋಡಿಸಿ, ಒಂದು ಬದಿಗೆ ಬಿದಿರಿನ ಕೈತಾಂಗು ಕಟ್ಟಿದ ಸಂಕ. ಪಾಚಿ ಹಿಡಿದು ಜಾರುವ ಸಂಕ.

ನಮ್ಮ ತೋಟದ ಆಚೆಗಿದ್ದ ಕಾಫಿ ಎಸ್ಟೇಟಿನಲ್ಲಿ ಒಬ್ಬರು ರೈಟರು ಇದ್ದರು. ಮಂಗಳೂರು ಕಡೆಯಿಂದ ಹಿಂದಿನ ತಲೆಮಾರಿನಲ್ಲೇ ಘಟ್ಟ ಹತ್ತಿ ಬಂದ ಕೊಂಕಣಿ ಕ್ರೈಸ್ತ ಕುಟುಂಬ. ನಾವು ಮಕ್ಕಳೆಲ್ಲ ಅವರನ್ನು ಪೊರ್ಬುಮಾಮ ಎಂದು ಕರೆಯುತ್ತಿದ್ದೆವು. ಮಳೆ ಜೋರಾದ ದಿನ ಅವರು ತಲೆಗೆ ಕಂಬಳಿಕೊಪ್ಪೆ ಹಾಕಿಕೊಂಡು, ಪಂಚೆ ಎತ್ತಿಕಟ್ಟಿ, ಸಂಕದ ಹತ್ತಿರ ಬರುತ್ತಿದ್ದರು. ಮಕ್ಕಳನ್ನು ಎತ್ತಿಕೊಂಡು ದಾಟಿಸುತ್ತಿರಲಿಲ್ಲ. ಹಳ್ಳಕ್ಕೆ ಇಳಿದು, ಸಂಕದಿಂದ ನಾಲ್ಕು ಮಾರು ಕೆಳಗೆ, ನೀರು ಹರಿದುಹೋಗುವ ದಿಕ್ಕಿನಲ್ಲಿ, ಒಂದು ಬಂಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. 'ಹ್ಞಾಂ, ಈಗ ಬನ್ನಿ. ಕೆಳಗೆ ನೋಡ್ಬೇಡಿ. ಬಿದ್ರೆ ನಾನಿದ್ದೇನೆ' ಎನ್ನುತ್ತಿದ್ದರು. ಅವರ ಇಬ್ಬರು ಮಕ್ಕಳು, ಹಿಂದೆ ನಾನು, ಒಬ್ಬೊಬ್ಬರಾಗಿ ದಾಟುತ್ತಿದ್ದೆವು. ನಮ್ಮಲ್ಲಿ ಯಾರೂ ಎಂದೂ ಬೀಳಲಿಲ್ಲ. ಆದರೆ ಅವರು ಅಲ್ಲಿ ನಿಲ್ಲದೆ ಇದ್ದಿದ್ದರೆ ಖಂಡಿತ ಬೀಳುತ್ತಿದ್ದೆವು ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಹೆದರಿದ ಕಾಲೇ ಮೊದಲು ಜಾರುವುದು.

ಸಂಜೆ ಅವರ ಮನೆಯಲ್ಲಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ. ಆಟ ಮುಗಿಸಿ ನಾನು ಜಗಲಿಯಲ್ಲಿ ಕೂತಿರುತ್ತಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಬಂದು 'ಬೆಸಾಂವ್' ಕೇಳುತ್ತಿದ್ದರು. ಬೆಸಾಂವ್ ಎಂದರೆ ಆಶೀರ್ವಾದ. ಪೊರ್ಬುಮಾಮ ಹೆಬ್ಬೆರಳಿನಿಂದ ಮಕ್ಕಳ ಹಣೆಯ ಮೇಲೆ ಶಿಲುಬೆಯ ಗುರುತು ಎಳೆಯುತ್ತಿದ್ದರು. ದಿನವೆಲ್ಲ ಕೂಲಿ ಪಟ್ಟಿ ಬರೆದು ಮಸಿ ಹತ್ತಿದ ಬೆರಳು ಅದು.

ಒಂದು ದಿನ ನಾನು ಕೇಳಿದೆ: 'ಮಾಮಾ, ನೀವು ದೇವರಿಗೆ ಅಪ್ಪ ಅಂತ ಯಾಕೆ ಕರೀತೀರಿ?'

ನಾನು ಕೇಳಿದ್ದಕ್ಕೆ ಕಾರಣ ಇತ್ತು. ನಮ್ಮ ಸೀಮೆಯಲ್ಲಿ ದೇವರೆಂದರೆ ಮೊದಲು ಶಾರದೆ. ತಾಯಿ. ತಾಯಿಯ ಹತ್ತಿರ ಏನನ್ನಾದರೂ ಕೇಳಬಹುದು. ಆದರೆ ಅಪ್ಪ? ನಮ್ಮ ಮನೆಯಲ್ಲಿ ಅಪ್ಪ ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಅಪ್ಪ ಕೆಟ್ಟವರಲ್ಲ. ಎರಡು ಎಕರೆ ಅಡಿಕೆ ತೋಟ, ಕೊಳೆರೋಗ, ಸೊಸೈಟಿಯ ಸಾಲ, ತಂಗಿಯರ ಮದುವೆ, ಇಷ್ಟರ ನಡುವೆ ಅವರಿಗೆ ನಗುವುದಕ್ಕೆ ಪುರುಸೊತ್ತು ಇರಲಿಲ್ಲ. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದರು. ಅಂಥ ಹೆಸರನ್ನು ದೇವರಿಗೆ ಯಾರಾದರೂ ಇಟ್ಟಾರೆಯೇ ಎಂಬುದು ನನ್ನ ಪ್ರಶ್ನೆ.

ಪೊರ್ಬುಮಾಮ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದೇ ಮಾರಾಯ ನನಗೂ ಹೆದರಿಕೆ. ನಾನು ಹ್ಯಾಗಿರ್ತೇನೋ ದೇವರೂ ಹಾಗೇ ಅಂತ ಈ ಮಕ್ಳು ತಿಳ್ಕೊಂಡ್ರೆ ಏನು ಮಾಡೂದು?' ಎಂದರು.

ಹತ್ತು ವರ್ಷದ ಹುಡುಗನಿಗೆ ಅದು ಅರ್ಥವಾಗಲಿಲ್ಲ. ನಾನೇ ತಂದೆಯಾದ ಮೇಲೆ ಆ ಮಾತು ಮತ್ತೆ ಮತ್ತೆ ನೆನಪಾಗುತ್ತಿದೆ. ಇಂದಿನ ನನ್ನ ಭಾಷಣ ಆ ಒಂದು ಮಾತಿನ ವಿವರಣೆ ಅಷ್ಟೆ.

ದೇವರನ್ನು ತಂದೆ ಎಂದು ಕರೆಯುವುದು ಕ್ರೈಸ್ತರಲ್ಲಿ ಮಾತ್ರ ಇರುವ ಪದ್ಧತಿಯಲ್ಲ. ನಮ್ಮ ವಚನಕಾರರೂ ದಾಸರೂ ದೇವರಲ್ಲಿ ತಂದೆಯನ್ನೂ ಕಂಡಿದ್ದಾರೆ, ತಾಯಿಯನ್ನೂ ಕಂಡಿದ್ದಾರೆ. ಬೈಬಲಿನಲ್ಲಿಯೂ ದೇವರ ಪ್ರೀತಿಯನ್ನು ತಾಯಿಯ ಪ್ರೀತಿಗೆ ಹೋಲಿಸಿದ ಜಾಗಗಳಿವೆ. ಪ್ರವಾದಿ ಯೆಶಾಯನ ಗ್ರಂಥದಲ್ಲಿ ಅದು ಬಹಳ ಸ್ಪಷ್ಟ. ಆದರೆ ಯೇಸು ತಮ್ಮ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಆರಂಭವಾಗುವುದೇ ದೇವರನ್ನು ನಮ್ಮ ತಂದೆ ಎಂದು ಕರೆಯುವುದರಿಂದ. ಹೀಗಾಗಿ ಆ ಧರ್ಮದಲ್ಲಿ ಈ ಹೆಸರಿಗೆ ನಡುಮನೆಯ ಸ್ಥಾನ.

ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ತಂದೆಗೆ 'ಅಬ್ಬಾ' ಎಂದು ಹೆಸರು. ಗ್ರೀಕಿನಲ್ಲಿ ಬರೆದ ಹೊಸ ಒಡಂಬಡಿಕೆಯಲ್ಲಿ ಈ ಪದವನ್ನು ಅನುವಾದಿಸದೆ ಹಾಗೆಯೇ ಮೂರು ಕಡೆ ಉಳಿಸಿಕೊಂಡಿದ್ದಾರೆ. ಮಾರ್ಕನ ಸುವಾರ್ತೆಯಲ್ಲಿ ಒಮ್ಮೆ, ಪೌಲನ ಎರಡು ಪತ್ರಗಳಲ್ಲಿ ಒಂದೊಂದು ಸಲ. ಕನ್ನಡದ 'ಅಪ್ಪ'ನಿಗೂ ಅದಕ್ಕೂ ಎಷ್ಟು ಹತ್ತಿರ ನೋಡಿ! ಆದರೆ ಇದರಿಂದ ಭಾಷೆಗಳ ನಂಟು ಹುಡುಕಲು ಹೋಗಬಾರದು. ತುಟಿ ಕೂಡಿಸಿ ಬಿಡುವ ಪ, ಬ, ಮ ಧ್ವನಿಗಳು ಕೂಸಿಗೆ ಮೊದಲು ಬರುವಂಥವು. ಅದಕ್ಕೇ ಲೋಕದ ಅನೇಕ ಭಾಷೆಗಳಲ್ಲಿ ಅಪ್ಪ ಅಮ್ಮಂದಿರ ಹೆಸರುಗಳು ಒಂದನ್ನೊಂದು ಹೋಲುತ್ತವೆ ಎಂದು ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ ವಿವರಿಸಿದ್ದಾರೆ. ಅಬ್ಬಾ ಎಂಬುದು ಕೂಸಿನ ತೊದಲು ಎಂದು ಜರ್ಮನ್ ವಿದ್ವಾಂಸ ಯೋವಾಖಿಮ್ ಯೆರೆಮಿಯಾಸ್ ಒಂದು ಕಾಲಕ್ಕೆ ವಾದಿಸಿದ್ದರು. 1988ರಲ್ಲಿ ಜೇಮ್ಸ್ ಬಾರ್ ಎಂಬ ವಿದ್ವಾಂಸರು, ಬೆಳೆದ ಮಕ್ಕಳೂ ತಂದೆಯನ್ನು ಹಾಗೆಯೇ ಕರೆಯುತ್ತಿದ್ದರೆಂದು ತೋರಿಸಿ ಅದನ್ನು ತಿದ್ದಿದರು. ನಮಗಂತೂ ಇದು ಅರ್ಥವಾಗದ ಸಂಗತಿಯಲ್ಲ. ಐದು ವರ್ಷದ ಮಗು ಅಪ್ಪಾ ಎನ್ನುತ್ತದೆ, ಐವತ್ತು ವರ್ಷದ ಮಗನೂ ಅಪ್ಪಾ ಎನ್ನುತ್ತಾನೆ. ಸಲಿಗೆಯೂ ಗೌರವವೂ ಒಂದೇ ಪದದಲ್ಲಿರುತ್ತವೆ.

ಆದರೆ ಈ ಪದ ಯೇಸುವಿನ ಬಾಯಲ್ಲಿ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಬೇಕು. ಗೆತ್ಸೆಮನೆಯ ತೋಟದಲ್ಲಿ, ಬಂಧನದ ಹಿಂದಿನ ಗಳಿಗೆಯಲ್ಲಿ. ಶಿಷ್ಯರು ನಿದ್ದೆ ಹೋಗಿದ್ದಾರೆ. ಬರುವ ಸಂಕಟ ತಪ್ಪಿಹೋಗಲಿ ಎಂದು ಅವರು ಬೇಡಿಕೊಳ್ಳುತ್ತಾರೆ. ಸಂಕಟ ತಪ್ಪುವುದಿಲ್ಲ. ಆದರೂ ಅಬ್ಬಾ ಎಂಬ ಕರೆ ನಿಲ್ಲುವುದಿಲ್ಲ. ಬೇರೊಂದು ಕಡೆ ಯೇಸು ಗುಬ್ಬಚ್ಚಿಯ ಮಾತು ಹೇಳುತ್ತಾರೆ: ಪುಡಿಗಾಸಿಗೆ ಮಾರುವ ಗುಬ್ಬಚ್ಚಿಯೂ ತಂದೆಗೆ ತಿಳಿಯದೆ ನೆಲಕ್ಕೆ ಬೀಳುವುದಿಲ್ಲ ಎಂಬ ಅರ್ಥದ ಮಾತು. ಗುಬ್ಬಚ್ಚಿ ಬೀಳುವುದೇ ಇಲ್ಲ ಎಂದು ಅವರು ಹೇಳಲಿಲ್ಲ. ಹೀಗಾಗಿ ದೇವರ ಕಾಳಜಿ ಎಂದರೆ ಮಳೆ ನಿಲ್ಲಿಸುವುದು, ಹಳ್ಳ ಬತ್ತಿಸುವುದು ಎಂದು ತಿಳಿದರೆ ಕ್ರೈಸ್ತ ಧರ್ಮದ ತಂದೆ ನಮಗೆ ಅರ್ಥವಾಗುವುದಿಲ್ಲ. ಹಳ್ಳ ಇರುತ್ತದೆ. ಸಂಕವೂ ಜಾರುತ್ತದೆ. ಕೆಳಗೆ ಒಬ್ಬರು ನಿಂತಿದ್ದಾರೆ ಎಂಬ ನಂಬಿಕೆಯಲ್ಲಿ ಕಾಲು ಮುಂದಿಡಬೇಕು. ನನಗೆ ಇದು ಅರ್ಥವಾದದ್ದು ಪುಸ್ತಕದಿಂದಲ್ಲ.

ಇನ್ನು ವಿಜ್ಞಾನ ಓದಿದವನಾಗಿ ಒಂದೆರಡು ಮಾತು. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಮಂಗಟ್ಟೆ ಹಕ್ಕಿಗಳಿವೆ. ಹೆಣ್ಣುಹಕ್ಕಿ ಮರದ ಪೊಟರೆಯೊಳಗೆ ಸೇರಿ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸಂದಿ ಮಾತ್ರ ಉಳಿಯುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ, ಗಂಡುಹಕ್ಕಿ ಅತ್ತಿ ಆಲದ ಹಣ್ಣು ತಂದು ಆ ಸಂದಿಯಲ್ಲಿ ಉಣಿಸುತ್ತದೆ. ಗಂಡು ಬೇಟೆಗಾರನ ಪಾಲಾದರೆ ಒಳಗಿರುವ ತಾಯಿ ಮರಿಗಳ ಜೀವಕ್ಕೂ ಸಂಚಕಾರ. 2014ರಲ್ಲಿ ನಮ್ಮ ಘಟ್ಟದ ಕಾಡಿನಿಂದಲೇ ವಿಜ್ಞಾನಿಗಳು ಒಂದು ಹೊಸ ಕಪ್ಪೆಯನ್ನು ವಿವರಿಸಿ ಅದಕ್ಕೆ ಕುಂಬಾರ ಎಂದೇ ಹೆಸರಿಟ್ಟರು. ಮೊಟ್ಟೆಗಳ ಮೇಲೆ ಕೆಸರು ಮೆತ್ತಿ ಕಾಪಾಡುವುದು ಅಲ್ಲಿ ಗಂಡು. ಮನುಷ್ಯರಲ್ಲೋ? 2011ರಲ್ಲಿ ಪ್ರಕಟವಾದ, ಫಿಲಿಪೀನ್ಸಿನ ಯುವಕರನ್ನು ಕುರಿತ ಒಂದು ಅಧ್ಯಯನದಲ್ಲಿ, ತಂದೆಯಾದ ಗಂಡಸರಲ್ಲಿ ಟೆಸ್ಟೋಸ್ಟಿರೋನ್ ಪ್ರಮಾಣ ತಗ್ಗುವುದು ಕಂಡುಬಂತು. ಮಗುವಿನ ಆರೈಕೆಯಲ್ಲಿ ಹೆಚ್ಚು ಹೊತ್ತು ಕಳೆಯುವವರಲ್ಲಿ ಇನ್ನೂ ಕಡಿಮೆ ಇತ್ತು. ಅಂದರೆ ಮಗುವನ್ನು ಎತ್ತಿಕೊಂಡ ಗಂಡಸಿನ ಮೈಯೇ ಬದಲಾಗುತ್ತದೆ.

ಇದರಿಂದ ದೇವರಿದ್ದಾನೆಂದು ಸಾಧಿಸಿದಂತಾಯಿತು ಎಂದು ನಾನು ಹೇಳುವುದಿಲ್ಲ. ಮಂಗಟ್ಟೆ ಹಕ್ಕಿ ಧರ್ಮಬೋಧನೆ ಮಾಡುವುದಿಲ್ಲ. ತಂದೆತನ ಎಂಬುದು ಗದರುವ ಅಧಿಕಾರ ಮಾತ್ರವಲ್ಲ, ಅದು ದುಡಿತ, ಅದು ಕಾವಲು ಎಂಬುದಕ್ಕೆ ಪ್ರಕೃತಿಯಲ್ಲೂ ಸಾಕ್ಷಿ ಇದೆ ಎನ್ನುವಷ್ಟು ಮಾತ್ರ ನನ್ನ ಮಾತು.

ಯೇಸು ಹೇಳಿದ ಕಥೆಗಳಲ್ಲಿ ತಂದೆಯದೇ ಆದ ಒಂದು ಕಥೆ ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿದೆ. ಅದನ್ನು ಪೋಲಿಹೋದ ಮಗನ ಕಥೆ ಎನ್ನುತ್ತಾರೆ. ಕಿರಿಯ ಮಗ ತಂದೆ ಬದುಕಿರುವಾಗಲೇ ಪಾಲು ಕೇಳಿ ಪಡೆದು, ದೂರದೇಶಕ್ಕೆ ಹೋಗಿ, ಎಲ್ಲ ಕಳೆದು, ಹಂದಿ ಕಾಯುವ ಗತಿಗೆ ಬಂದು, ಹಸಿವು ತಾಳದೆ ಮನೆಗೆ ಹಿಂತಿರುಗುತ್ತಾನೆ. ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಅವನನ್ನು ಕಾಣುತ್ತಾನೆ, ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಆ ಕಾಲದ, ಆ ಸೀಮೆಯ ಮನೆಯ ಯಜಮಾನ ನಿಲುವಂಗಿ ಎತ್ತಿಕೊಂಡು ಬೀದಿಯಲ್ಲಿ ಓಡುವುದು ಮರ್ಯಾದೆಯ ಕೆಲಸವಾಗಿರಲಿಲ್ಲ ಎಂದು ಪಂಡಿತರು ಹೇಳುತ್ತಾರೆ. ನಮ್ಮ ಮಲೆನಾಡಿನ ಹಳೆಯ ಯಜಮಾನರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮನೆಯಲ್ಲೇ ಇದ್ದು ದುಡಿದ ಹಿರಿಯ ಮಗ ಮುನಿಸಿಕೊಂಡು ಹೊರಗೆ ನಿಲ್ಲುತ್ತಾನೆ. ಅವನನ್ನು ಕರೆಯಲೂ ತಂದೆಯೇ ಹೊರಗೆ ಬರುತ್ತಾನೆ. ಓಡಿಹೋದವನಿಗಾಗಿ ಒಮ್ಮೆ, ಮನೆಯಲ್ಲೇ ಇದ್ದು ದೂರವಾದವನಿಗಾಗಿ ಇನ್ನೊಮ್ಮೆ, ಎರಡು ಸಲ ಹೊಸಿಲು ದಾಟಿದ ತಂದೆ ಅವನು.

ಡಚ್ ಚಿತ್ರಕಾರ ರೆಂಬ್ರಾಂಟ್ ತನ್ನ ಬದುಕಿನ ಕೊನೆಯ ವರ್ಷಗಳಲ್ಲಿ ಈ ದೃಶ್ಯವನ್ನು ಚಿತ್ರಿಸಿದ. ಆ ಚಿತ್ರ ಇಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟಾಜ್ ಸಂಗ್ರಹಾಲಯದಲ್ಲಿದೆ. ಮಂಡಿಯೂರಿದ ಮಗನ ಬೆನ್ನಿನ ಮೇಲೆ ಮುದುಕ ತಂದೆಯ ಎರಡು ಕೈಗಳು. ಅವೆರಡೂ ಒಂದೇ ಬಗೆಯವಲ್ಲ. ಒಂದು ಅಗಲವಾದ ಗಟ್ಟಿ ಕೈ, ಇನ್ನೊಂದು ಮೃದುವಾದ ಕೈ. ಒಂದರಲ್ಲಿ ತಂದೆ, ಇನ್ನೊಂದರಲ್ಲಿ ತಾಯಿ ಕಂಡವರು ಅನೇಕರು. ರೆಂಬ್ರಾಂಟನ ಮೂವರು ಮಕ್ಕಳು ಎಳವೆಯಲ್ಲೇ ತೀರಿಕೊಂಡಿದ್ದರು. ಬೆಳೆದ ಮಗ ಟೈಟಸ್ ಕೂಡ 1668ರಲ್ಲಿ ತೀರಿಕೊಂಡ. ಮರುವರ್ಷ ತಂದೆಯೂ ಹೋದ.

ಇದೆಲ್ಲ ಕೇಳಲು ಚೆನ್ನ. ಆದರೆ ದೇವರ ಹೆಸರು ಹೇಳಿಕೊಂಡೇ ಮಕ್ಕಳ ಮನಸ್ಸು ಮುರಿದ ತಂದೆಯರು ಇಲ್ಲವೇ? ಇದ್ದಾರೆ. ಅದನ್ನು ಮುಚ್ಚಿಟ್ಟು ಈ ವಿಷಯ ಮಾತನಾಡುವುದು ಪ್ರಾಮಾಣಿಕತೆಯಲ್ಲ. ನಮ್ಮ ಕರಾವಳಿಗೇ ಸಂಬಂಧಿಸಿದ ಒಂದು ಉದಾಹರಣೆ ಕೊಡುತ್ತೇನೆ.

ಕನ್ನಡಕ್ಕೆ ಮೊದಲ ಪತ್ರಿಕೆಯನ್ನೂ ಕಿಟೆಲ್ ಅವರ ನಿಘಂಟನ್ನೂ ಕೊಟ್ಟ ಬಾಸೆಲ್ ಮಿಷನ್ನಿನ ಹೆಸರು ನಿಮಗೆ ಗೊತ್ತು. ಆ ಪಾದ್ರಿಗಳು ತಮ್ಮ ಮಕ್ಕಳನ್ನು ಆರೇಳು ವರ್ಷದ ಹೊತ್ತಿಗೆ ಯೂರೋಪಿಗೆ ಕಳುಹಿಸಿಬಿಡುತ್ತಿದ್ದರು. 1853ರಲ್ಲಿ ಮಿಷನ್ ಇದನ್ನು ನಿಯಮವನ್ನಾಗಿಯೇ ಮಾಡಿತು. ಹವೆ ಒಗ್ಗುವುದಿಲ್ಲ, ವಿದ್ಯಾಭ್ಯಾಸಕ್ಕೆ ಅನುಕೂಲವಿಲ್ಲ, ದೇವರ ಕೆಲಸಕ್ಕೆ ತೊಡಕಾಗುತ್ತದೆ ಎಂಬವು ಕಾರಣಗಳು. ಮಲಯಾಳ ನಿಘಂಟಿನ ಹರ್ಮನ್ ಗುಂಡರ್ಟ್ ಅವರ ಮಗಳು ಮರಿಯಾ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಈ ನಿಯಮಕ್ಕೂ ಮುಂಚೆಯೇ, ಇನ್ನೂ ಪುಟ್ಟವಳಿದ್ದಾಗ, ಅವಳನ್ನು ಯೂರೋಪಿನಲ್ಲಿ ಬಿಟ್ಟುಬಂದರು. ತಂದೆ ತಾಯಿಯ ಬಳಿಗೆ ಅವಳು ಮರಳಿದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಇದೇ ಮರಿಯಾ ಮುಂದೆ, ಮಂಗಳೂರಿನಲ್ಲಿ ಕೆಲಸ ಮಾಡಿ ಅನಾರೋಗ್ಯದಿಂದ ಹಿಂದಿರುಗಿದ್ದ ಯೋಹಾನೆಸ್ ಹೆಸ್ಸೆ ಎಂಬ ಪಾದ್ರಿಯನ್ನು ಮದುವೆಯಾದಳು. 1877ರಲ್ಲಿ ಅವರಿಗೆ ಹುಟ್ಟಿದ ಮಗನೇ ಹರ್ಮನ್ ಹೆಸ್ಸೆ, 1946ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಸಾಹಿತಿ.

ಆ ಮನೆಯಲ್ಲಿ ದೇವರ ಹೆಸರಿಗೆ ಕೊರತೆ ಇರಲಿಲ್ಲ. ತಂದೆ ತಾಯಿಗೆ ಮಗನ ಮೇಲೆ ಪ್ರೀತಿಯೂ ಇತ್ತು. ಆದರೆ ಹಟಮಾರಿ ಹುಡುಗನನ್ನು ಹೇಗೆ ಹಿಡಿಯಬೇಕೆಂದು ಅವರಿಗೆ ತಿಳಿಯಲಿಲ್ಲ. 1892ರಲ್ಲಿ ಅವನು ಮೌಲ್‌ಬ್ರೊನ್ ಎಂಬಲ್ಲಿನ ಧಾರ್ಮಿಕ ಶಾಲೆಯಿಂದ ಓಡಿಹೋದ. ಜೀವ ತೆಗೆದುಕೊಳ್ಳಲೂ ಹೊರಟ. ಮನೆಯವರು ಅವನನ್ನು ಬುದ್ಧಿಮಾಂದ್ಯರು ಮತ್ತು ಮೂರ್ಛೆರೋಗಿಗಳಿದ್ದ ಒಂದು ಸಂಸ್ಥೆಗೆ ಸೇರಿಸಿದರು. ಅಲ್ಲಿಂದ ಅವನು ತಂದೆಗೆ ಬರೆದ ಕಾಗದದಲ್ಲಿ ಅಪ್ಪ ಎಂಬ ಸಂಬೋಧನೆ ಇಲ್ಲ. ಅಪರಿಚಿತ ಅಧಿಕಾರಿಗೆ ಬರೆಯುವಂತೆ, ಮಾನ್ಯರೇ ಎಂಬ ಧಾಟಿಯಲ್ಲಿ ಬರೆದ. ತಂದೆಯಾದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಏನಿದೆ? 1916ರಲ್ಲಿ ತಂದೆ ತೀರಿಕೊಂಡಾಗ ಮಗ ಕುಸಿದುಬಿದ್ದ; ಮನೋವೈದ್ಯರ ನೆರವು ಪಡೆಯಬೇಕಾಯಿತು. ಆರು ವರ್ಷಗಳ ಮೇಲೆ, 1922ರಲ್ಲಿ, 'ಸಿದ್ಧಾರ್ಥ' ಕಾದಂಬರಿ ಬಂತು. ಅದರಲ್ಲಿ ತಂದೆಯನ್ನು ಬಿಟ್ಟುಹೋದ ಮಗ ಮುಂದೆ ತಾನೇ ತಂದೆಯಾಗುತ್ತಾನೆ. ಅವನ ಮಗನೂ ಅವನನ್ನು ಬಿಟ್ಟು ಓಡುತ್ತಾನೆ. ಆಗ ಅವನಿಗೆ ತನ್ನ ತಂದೆಯ ನೋವು ತಿಳಿಯುತ್ತದೆ.

ಈ ಕಥೆಯಿಂದ ನನಗೆ ಹೊಳೆಯುವುದು ಇಷ್ಟು. ತಂದೆ ದೇವರ ಪರವಾಗಿ ಮಾತನಾಡುವುದು ಬೇರೆ, ದೇವರ ಪ್ರೀತಿಯನ್ನು ತೋರಿಸುವುದು ಬೇರೆ. ಮೊದಲನೆಯದು ಸುಲಭ. ಎರಡನೆಯದಕ್ಕೆ ಮಗುವಿನ ಮಾತು ಕೇಳುವ ಕಿವಿ ಬೇಕು.

ಕ್ರೈಸ್ತ ಧರ್ಮಗ್ರಂಥವೂ ಈ ಎಚ್ಚರಿಕೆಯನ್ನು ಕೊಟ್ಟಿದೆ. ಪೌಲನ ಹೆಸರಿನ ಎರಡು ಪತ್ರಗಳಲ್ಲಿ ಮಕ್ಕಳಿಗೆ ವಿಧೇಯರಾಗಿರಿ ಎಂದು ಹೇಳಿದ ಕೂಡಲೇ ತಂದೆಗಳಿಗೂ ಮಾತಿದೆ: ಮಕ್ಕಳನ್ನು ಕೆರಳಿಸಬೇಡಿ, ಅವರು ಎದೆಗುಂದುತ್ತಾರೆ ಎಂಬ ಅರ್ಥದ ಮಾತು. ಆ ಪತ್ರಗಳನ್ನು ಬರೆದದ್ದು ರೋಮ್ ಸಾಮ್ರಾಜ್ಯದಲ್ಲಿ. ಅಲ್ಲಿನ ಕಾನೂನಿನಂತೆ ಮನೆಯ ಯಜಮಾನನಿಗೆ ಮಕ್ಕಳ ಜೀವದ ಮೇಲೂ ಅಧಿಕಾರವಿತ್ತು. ಅಂಥ ಕಾಲದಲ್ಲಿ ಮಗುವಿನ ಮನಸ್ಸು ನೋಯಬಾರದೆಂದು ತಂದೆಗೆ ಹೇಳಿದ್ದು ಸಣ್ಣ ಮಾತಲ್ಲ. ಇನ್ನೊಂದು ಕಡೆ ಯೇಸು, ಭೂಮಿಯ ಮೇಲೆ ಯಾರನ್ನೂ ತಂದೆಯೆಂದು ಕರೆಯಬೇಡಿ, ನಿಮಗೆ ತಂದೆ ಒಬ್ಬನೇ ಎಂಬ ಅರ್ಥದಲ್ಲಿ ಹೇಳುತ್ತಾರೆ. ಇದು ಮನೆಯ ಅಪ್ಪನನ್ನು ಅಪ್ಪ ಎನ್ನಬೇಡಿ ಎಂಬ ಅಪ್ಪಣೆಯಲ್ಲ. ಯಾವ ಮನುಷ್ಯನೂ ಆ ಹೆಸರನ್ನು ಪೂರ್ತಿಯಾಗಿ ತನ್ನದೆನ್ನಬಾರದು ಎಂಬ ಮಿತಿ. ಕ್ರೂರ ತಂದೆಯ ಕೈಯಲ್ಲಿ ಬೆಳೆದವರಿಗೆ, ತಂದೆಯನ್ನೇ ಕಾಣದವರಿಗೆ, ಇದರಲ್ಲಿ ಒಂದು ಸಮಾಧಾನವಿದೆ. ನಿಮ್ಮ ಮನೆಯ ಅಪ್ಪ ಅಳತೆಗೋಲಲ್ಲ. ಅವನನ್ನೂ ಅಳೆಯುವ ಕೋಲು ಬೇರೆ ಇದೆ ಎಂದು ಆ ಧರ್ಮ ಹೇಳುತ್ತದೆ.

ಚಂದ್ರನ ವಿಷಯ ನೋಡಿ. ಹುಣ್ಣಿಮೆಯಲ್ಲಿ ಅಷ್ಟು ಬೆಳ್ಳಗೆ ಹೊಳೆಯುವ ಚಂದ್ರನ ನೆಲ ನಿಜಕ್ಕೂ ಕಪ್ಪು; ಹೆಚ್ಚು ಕಡಿಮೆ ನಮ್ಮ ಟಾರು ರಸ್ತೆಯಷ್ಟು. ತನ್ನ ಮೇಲೆ ಬಿದ್ದ ಸೂರ್ಯನ ಬೆಳಕಿನಲ್ಲಿ ನೂರಕ್ಕೆ ಸುಮಾರು ಹನ್ನೆರಡು ಪಾಲನ್ನು ಮಾತ್ರ ಅದು ಹಿಂದಕ್ಕೆ ಕಳಿಸುತ್ತದೆ. ಅಷ್ಟು ಬೆಳಕಿನಲ್ಲೇ ನಮ್ಮ ಕಡೆಯ ಜನ ಯಕ್ಷಗಾನ ನೋಡಿ ಮನೆಗೆ ನಡೆದು ಬರುತ್ತಿದ್ದರು. ಒಳ್ಳೆಯ ತಂದೆ ಎಂದರೆ ಕಲೆಯಿಲ್ಲದವನು ಎಂದೇನೂ ಅಲ್ಲ. ಮಗು ಮನೆ ಸೇರುವಷ್ಟು ಬೆಳಕು ಕೊಟ್ಟರೆ ಸಾಕು.

ಸಂತ ಜೋಸೆಫರನ್ನು ಇಲ್ಲಿ ನೆನೆಯಬೇಕು. ಯೇಸುವನ್ನು ಸಾಕಿದ ಬಡಗಿ. ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿ ಹುಡುಕಿದರೂ ಅವರ ಬಾಯಿಂದ ಬಂದ ಒಂದು ಮಾತೂ ದಾಖಲಾಗಿಲ್ಲ. ಇರುವುದು ಅವರು ಮಾಡಿದ ಕೆಲಸ: ರಾತ್ರಿ ಎದ್ದು ಕೂಸು ಬಾಣಂತಿಯನ್ನು ಕರೆದುಕೊಂಡು ಐಗುಪ್ತಕ್ಕೆ ಹೋದದ್ದು, ಹನ್ನೆರಡರ ಹುಡುಗ ಜಾತ್ರೆಯ ಗುಂಪಿನಲ್ಲಿ ತಪ್ಪಿಸಿಕೊಂಡಾಗ ಹುಡುಕಿಕೊಂಡು ಯೆರೂಸಲೇಮಿಗೆ ಮರಳಿದ್ದು. 2020ರ ಡಿಸೆಂಬರ್ 8ರಂದು ಪೋಪ್ ಫ್ರಾನ್ಸಿಸ್ ಅವರು ಜೋಸೆಫರನ್ನು ಕುರಿತು ಒಂದು ಪತ್ರ ಬರೆದು, ಅಲ್ಲಿಂದ ಒಂದು ವರ್ಷವನ್ನು ಅವರ ಹೆಸರಿನಲ್ಲಿ ಆಚರಿಸಲು ಕರೆ ಕೊಟ್ಟರು. ಲೋಕವೆಲ್ಲ ಕೊರೊನಾದಿಂದ ನರಳುತ್ತಿದ್ದ ಕಾಲ ಅದು. ತಂದೆ ಹುಟ್ಟುವುದಿಲ್ಲ, ಆಗುತ್ತಾನೆ ಎಂಬ ವಿಚಾರ ಆ ಪತ್ರದಲ್ಲಿದೆ. ಜೋಸೆಫರು ಪರಲೋಕದ ತಂದೆಯ ನೆರಳಿನಂತಿದ್ದರು ಎಂಬ ಹೋಲಿಕೆಯೂ ಇದೆ.

ನೆರಳು ಎಂದಾಗ ನನಗೆ ನಮ್ಮ ಕಾಫಿ ತೋಟ ನೆನಪಾಗುತ್ತದೆ. ನೆರಳಿಲ್ಲದಿದ್ದರೆ ಗಿಡ ಬಿಸಿಲಿಗೆ ಸೊರಗುತ್ತದೆ. ನೆರಳು ಹೆಚ್ಚಾದರೆ ಬರೀ ಎಲೆ, ಹಣ್ಣಿಲ್ಲ, ರೋಗ ಬೇರೆ. ಅದಕ್ಕೇ ಮಳೆ ಹಿಡಿಯುವ ಮುಂಚೆ ಮರಗಸಿ ಮಾಡಿಸುತ್ತಾರೆ. ಆಳುಗಳು ಮರ ಹತ್ತಿ ಕೊಂಬೆ ಸವರುತ್ತಾರೆ. ಪೊರ್ಬುಮಾಮ ತಮ್ಮ ಮಕ್ಕಳನ್ನು ಸಂಕದ ಮೇಲೆ ಎತ್ತಿಕೊಂಡು ಹೋಗದೆ ಇದ್ದದ್ದು ಇದೇ ಲೆಕ್ಕಾಚಾರದಿಂದ ಇರಬೇಕು. ತಾನು ಇಲ್ಲದಾಗಲೂ ಮಗು ದಾಟಬೇಕಲ್ಲ?

ಈಗ ನನ್ನ ತಂದೆಯ ವಿಷಯಕ್ಕೆ ಬರುತ್ತೇನೆ. ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ.

ಎರಡನೆಯ ಪಿ.ಯು.ಸಿ.ಯಲ್ಲಿ ನಾನು ಗಣಿತದಲ್ಲಿ ನಪಾಸಾದೆ. ಶೃಂಗೇರಿಯಲ್ಲಿ ಫಲಿತಾಂಶ ನೋಡಿದ ಮೇಲೆ ಮನೆಗೆ ಹೋಗಲು ಕಾಲು ಬರಲಿಲ್ಲ. ಬಸ್ ನಿಲ್ದಾಣದಲ್ಲಿ ಒಂದಾದ ಮೇಲೊಂದು ಬಸ್ ಬಿಟ್ಟೆ. ತುಂಗೆಯ ದಡದಲ್ಲಿ ಹೋಗಿ ಕೂತೆ. ಏನೇನೋ ಯೋಚನೆಗಳು ಬಂದವು. ಅವನ್ನು ಇಲ್ಲಿ ಹೇಳುವುದು ಬೇಡ. ಕೊನೆಗೆ ರಾತ್ರಿಯ ಕೊನೆಯ ಬಸ್ ಹತ್ತಿದೆ. ಆಗೆಲ್ಲ ನಮ್ಮ ಕಡೆ ಓಡಾಟಕ್ಕೆ ಆಧಾರವೆಂದರೆ ಸಹಕಾರ ಸಾರಿಗೆ. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ, 2020ರಲ್ಲಿ ಅದು ನಿಂತುಹೋಯಿತು. ಬಸ್ಸು ನೆಮ್ಮಾರಿನಲ್ಲಿ ನಿಂತಾಗ ಸಣ್ಣಗೆ ಮಳೆ. ಇಳಿದರೆ ಎದುರಿಗೆ ಟಾರ್ಚಿನ ಬೆಳಕು. ಅಪ್ಪ. ಪಕ್ಕದಲ್ಲಿ ಪೊರ್ಬುಮಾಮ.

ನಾನು ಹೊಡೆತಕ್ಕೆ ಮೈ ಬಿಗಿಹಿಡಿದು ನಿಂತೆ. ಅಪ್ಪ ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಕೊಡೆ ನನಗೆ ಕೊಟ್ಟು, 'ಊಟ ಆಯ್ತನಾ?' ಎಂದು ಕೇಳಿದರು. ಅಷ್ಟೆ. ಮೂವರೂ ಮಾತಿಲ್ಲದೆ ಮನೆಗೆ ನಡೆದೆವು. ಎಷ್ಟೋ ವರ್ಷಗಳ ಮೇಲೆ, ಅಪ್ಪ ತೀರಿಕೊಂಡಾಗ ಬಂದಿದ್ದ ಪೊರ್ಬುಮಾಮ ಹೇಳಿದರು: 'ಅವತ್ತು ನಿನ್ನಪ್ಪ ಮಧ್ಯಾಹ್ನದಿಂದ ಎಲ್ಲ ಬಸ್ಸಿಗೂ ಬಂದು ನಿಂತಿದ್ದ ಮಾರಾಯ. ಬಸ್ಸು ಹೋದ ಮೇಲೆ ಮನೆಗೆ ಹೋಗ್ತಿದ್ದ, ಮತ್ತೆ ಬರ್ತಿದ್ದ. ಮುಸ್ಸಂಜೆಗೆ ನಾನೂ ಜೊತೆಗೆ ನಿಂತೆ.'

ನಾನು ಅಪ್ಪನ ಪೆಟ್ಟುಗಳನ್ನು ಲೆಕ್ಕ ಇಟ್ಟಿದ್ದೆ. ಅವರು ಕಾದುನಿಂತ ಬಸ್ಸುಗಳ ಲೆಕ್ಕ ನನಗೆ ಗೊತ್ತಿರಲಿಲ್ಲ. ಪೆಟ್ಟುಗಳು ಇದರಿಂದ ಸರಿ ಎಂದಾಗುವುದಿಲ್ಲ. ಆದರೆ ಮಗನನ್ನು ದೂರದಿಂದಲೇ ಕಂಡ ಆ ಕಥೆಯ ತಂದೆಯನ್ನು ಓದುವಾಗ ನನಗೆ ಈಗ ಕಾಣುವುದು ಟಾರ್ಚು ಹಿಡಿದು ನಿಂತ ನನ್ನ ಅಪ್ಪನೇ. ದೂರದಿಂದ ಕಾಣಬೇಕಾದರೆ ಅದಕ್ಕೂ ಮುಂಚೆ ಎಷ್ಟು ಹೊತ್ತಿನಿಂದ ದಾರಿ ನೋಡುತ್ತಿರಬೇಕು!

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ, ಸಂಕಲನದ ಕೆಲಸ ಮುಗಿಸಿ ನಡುರಾತ್ರಿ ಮನೆಗೆ ಬಂದವನು, ಓದದೆ ಮೊಬೈಲು ಹಿಡಿದು ಕೂತಿದ್ದ ಮಗನ ಕೆನ್ನೆಗೆ ಹೊಡೆದೆ. ಅವನು ಅಳಲಿಲ್ಲ. ಮೈ ಬಿಗಿಹಿಡಿದು ನಿಂತ. ಆ ನಿಲುವು ನನಗೆ ಗೊತ್ತಿತ್ತು, ಅದು ನನ್ನದೇ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅವನ ಹಾಸಿಗೆಯ ಪಕ್ಕ ಕೂತು, 'ನಿನ್ನೆ ನಾನು ಮಾಡಿದ್ದು ತಪ್ಪು. ನನ್ನನ್ನು ಕ್ಷಮಿಸು' ಎಂದೆ. ನನ್ನ ತಂದೆಯ ಬಾಯಿಂದ, ಅವರ ತಂದೆಯ ಬಾಯಿಂದ, ಈ 'ಕ್ಷಮಿಸು' ಎಂಬ ಮಾತು ಬಂದಿರಲಿಕ್ಕಿಲ್ಲ. ಮಗ ಗೋಡೆಯ ಕಡೆ ತಿರುಗಿಕೊಂಡೇ 'ಹ್ಞೂಂ' ಎಂದ. ಆ ದಿನ ಅಷ್ಟೇ. ಸರಿಹೋಗಲು ಕೆಲವು ವಾರಗಳೇ ಬೇಕಾದವು.

ಆಗ ನನಗೆ ಹೊಳೆದದ್ದು ಇದು. ಕ್ರೈಸ್ತರ ನಂಬಿಕೆಯ ತಂದೆ ಕ್ಷಮಿಸುತ್ತಾನೆ. ಅವನು ಕ್ಷಮೆ ಕೇಳಬೇಕಾದ ಪ್ರಸಂಗವಿಲ್ಲ. ಮನುಷ್ಯನಾದ ತಂದೆ ಕ್ಷಮೆಯನ್ನೂ ಕೇಳಬೇಕು. ಹಾಗೆ ಕೇಳಿದಾಗ ಮಗುವಿಗೆ ಎರಡು ಸಂಗತಿ ತಿಳಿಯುತ್ತವೆ. ಅಪ್ಪ ದೇವರಲ್ಲ ಎಂಬುದು ಒಂದು. ಅಪ್ಪನೂ ತಲೆಬಾಗುವಂಥ ಒಳ್ಳೆಯತನ ಅಪ್ಪನಿಗಿಂತ ಮೇಲೆ ಇದೆ ಎಂಬುದು ಇನ್ನೊಂದು. ಪೊರ್ಬುಮಾಮನ ಹೆದರಿಕೆಗೆ ನನಗೆ ಸಿಕ್ಕಿದ ಉತ್ತರ ಇದೇ. ನಾವು ಹೇಗಿದ್ದೇವೋ ದೇವರೂ ಹಾಗೆಯೇ ಎಂದು ಮಕ್ಕಳು ತಿಳಿಯಬಾರದೆಂದರೆ, ನಾವು ತಪ್ಪಿದಾಗ ತಪ್ಪಿದೆವೆಂದು ಅವರಿಗೆ ಹೇಳಬೇಕು.

ಕಳೆದ ಮಳೆಗಾಲದಲ್ಲಿ ಮಗನನ್ನು ಕರೆದುಕೊಂಡು ನೆಮ್ಮಾರಿಗೆ ಹೋಗಿದ್ದೆ. ಆ ಹಳ್ಳಕ್ಕೆ ಈಗ ಸಿಮೆಂಟಿನ ಸೇತುವೆ ಬಂದಿದೆ. ಪೊರ್ಬುಮಾಮ ಇಲ್ಲ. ಅವರು ಬೆನ್ನು ಕೊಟ್ಟು ನಿಲ್ಲುತ್ತಿದ್ದ ಬಂಡೆ ಮಾತ್ರ ನೀರಿನ ನಡುವೆ ಹಾಗೆಯೇ ಇದೆ. ಮಗನಿಗೆ ಅದನ್ನು ತೋರಿಸಿದೆ. 'ಅಷ್ಟು ನೀರಲ್ಲಿ ದಿನಾ ನಿಲ್ತಿದ್ರಾ?' ಎಂದು ಕೇಳಿದ. 'ಮಳೆ ಜೋರಿದ್ದ ದಿನ ನಿಲ್ತಿದ್ರು' ಎಂದೆ.

ನಮ್ಮ ನಮ್ಮ ಮನೆಯ ಮಕ್ಕಳು ಇಂದು ಯಾವ ಸಂಕ ದಾಟುತ್ತಿದ್ದಾರೋ ಒಮ್ಮೆ ನೋಡೋಣ. ಮಳೆ ಜೋರಿದ್ದ ದಿನ ನಾವು ಎಲ್ಲಿ ನಿಂತಿದ್ದೇವೆ ಎಂಬುದನ್ನೂ ನೋಡಿಕೊಳ್ಳೋಣ.